ಸಹಾಯ ಬೇಕು: ಮಾಸು ಇಷ್ಟು ಆಳಕ್ಕೆ ಇಳಿಯೋದು ಯಾಕೆ?

ನಮಸ್ಕಾರ. ನಾಡಿದ್ದು ಕ್ಲಾಸಿನಲ್ಲಿ ಪ್ಲಾಸೆಂಟಾ ಅಕ್ರೀಟಾ, ಅಂದರೆ ಮಾಸು ಗರ್ಭಕೋಶದ ಗೋಡೆಗೆ ಅತಿ ಆಳವಾಗಿ ಅಂಟಿಕೊಳ್ಳುವ ತೊಂದರೆ, ಅದರ ಬಗ್ಗೆ ನಾನು ಮಾತಾಡಬೇಕು. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಮಾಸಿನ ಟ್ರೋಫೋಬ್ಲಾಸ್ಟ್ ಕೋಶಗಳು ಎಂಎಂಪಿ-2, ಎಂಎಂಪಿ-9 ಅನ್ನೋ ಕಿಣ್ವಗಳನ್ನು ಬಿಡುತ್ತವೆ. ಇವು ಅಂಗಾಂಶವನ್ನು ಹಿಡಿದಿಡುವ ಕೊಲಾಜನ್ ಅನ್ನೋ ಪ್ರೋಟೀನನ್ನು ಕತ್ತರಿಸಿ ದಾರಿ ಮಾಡಿಕೊಡುತ್ತವೆ. ಮಾಮೂಲಿ ಬಸಿರಿನಲ್ಲೂ ಇದು ಬೇಕೇ ಬೇಕು, ಇಲ್ಲದಿದ್ದರೆ ಮಾಸು ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ. ಅತಿಯಾಗದಂತೆ ತಡೆಯೋಕೆ ಟಿಂಪ್ ಅನ್ನೋ ಪ್ರೋಟೀನುಗಳಿವೆ, ಒಂಥರಾ ಬ್ರೇಕು. ಇಷ್ಟು ಅರ್ಥವಾಯಿತು.

ಆದರೆ ಹಳೇ ಸಿಸೇರಿಯನ್ ಕಲೆ ಇರುವಲ್ಲಿ ಡೆಸಿಡುವಾ (ಬಸಿರಿನಲ್ಲಿ ಮಾಸಿಗೂ ಗರ್ಭಕೋಶದ ಸ್ನಾಯುವಿಗೂ ನಡುವೆ ಬೇಲಿಯಂತಿರುವ ಒಳಪದರ) ತೆಳುವಾಗಿರುತ್ತದೆ, ಕೆಲವೊಮ್ಮೆ ಇರುವುದೇ ಇಲ್ಲ. ಆಗ ಮಾಸು ನೇರ ಸ್ನಾಯುವಿಗೇ ಅಂಟುತ್ತದೆ. ಇದರ ಅತಿ ತೀವ್ರ ರೂಪವಾದ ಪರ್ಕ್ರೀಟಾದಲ್ಲಂತೂ ಗರ್ಭಕೋಶ ದಾಟಿ ಮೂತ್ರಕೋಶದವರೆಗೂ ಹೋಗಬಹುದು! ಹಾಗಾದರೆ ತಪ್ಪು ಯಾರದು? ಕಿಣ್ವ ಜಾಸ್ತಿಯಾಯಿತಾ, ಇಲ್ಲಾ ಬೇಲಿಯೇ ಇಲ್ಲವಾಯಿತಾ? ನನಗೆ ಎರಡನೆಯದೇ ಮುಖ್ಯ ಅನ್ನಿಸುತ್ತದೆ. ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳ್ತೀರಾ? ಕೈಯಲ್ಲಿ ಗೀಚಿದ ಚಿತ್ರ ಹಾಕಿದರೂ ಸಾಕು.