ಕೀಮೋ ಮಾತ್ರೆ ಶುರುವಾದ ಮೇಲೆ ಅಂಗೈ ಉರಿ: ಡಾಕ್ಟರಿಗೆ ಹೇಳಲೇಬೇಕಾ?

ಪ್ರಶ್ನೆ (ಶಿರಸಿ): ನಮಸ್ತೆ ಡಾಕ್ಟರ್. ನಮ್ಮ ಆಯಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಆಪರೇಷನ್ ಆಗಿದೆ. ಈಗ ಕೆಪೆಸಿಟಾಬಿನ್ ಮಾತ್ರೆ, ಎರಡು ವಾರ ತಗೊಂಡು ಒಂದು ವಾರ ಬಿಡುವು. ಎರಡನೇ ಸುತ್ತಿಗೇ ಅಂಗೈ, ಅಂಗಾಲು ಕೆಂಪಾಗಿ ಉರಿ. ಹೆಬ್ಬೆರಳ ತುದಿಯ ಚರ್ಮ ಏಳುತ್ತಿದೆ. ಚಾ ಲೋಟ ಹಿಡಿಯಲೂ ಆಗುವುದಿಲ್ಲ, ಆದರೂ ಅಡಿಕೆ ಸುಲಿಯಲು ಕೂರುತ್ತಾಳೆ. "ಉಷ್ಣ ಆಯ್ದು, ಮುರುಗಲ ಪಾನಕ ಕುಡಿದ್ರೆ ಸರಿಯಾಗ್ತು" ಅನ್ನುತ್ತಾಳೆ. ಹೇಳಿದರೆ ಮಾತ್ರೆ ಕಡಿಮೆ ಮಾಡುತ್ತಾರೆ, ಕಾಯಿಲೆ ವಾಪಸ್ ಬರುತ್ತೆ ಅಂತ ಅವಳಿಗೆ ಭಯ. ರೇಷನ್ ಅಂಗಡಿಯ ಮಷಿನ್ ಹೆಬ್ಬೆಟ್ಟನ್ನೂ ತಗೊಳ್ತಾ ಇಲ್ಲ.

ಉತ್ತರ (ಕ್ಯಾನ್ಸರ್ ಔಷಧ ತಜ್ಞೆ): ಇವತ್ತೇ ಅವರ ಡಾಕ್ಟರಿಗೆ ಫೋನ್ ಮಾಡಿ. ಇದು ಉಷ್ಣ ಅಲ್ಲ, ಈ ಮಾತ್ರೆಯ ಗೊತ್ತಿರುವ ಅಡ್ಡಪರಿಣಾಮ. ಹ್ಯಾಂಡ್-ಫುಟ್ ಸಿಂಡ್ರೋಮ್ ಅಂತಾರೆ. ಪಾನಕ ಕುಡಿಯಲಿ, ತೊಂದರೆ ಇಲ್ಲ. ಆದರೆ ಅದರಿಂದ ಇದು ಹೋಗುವುದಿಲ್ಲ.

ಕೆಪೆಸಿಟಾಬಿನ್ ದೇಹದೊಳಗೆ 5-ಫ್ಲೋರೋಯುರಾಸಿಲ್ ಅನ್ನುವ ಕೀಮೋ ಔಷಧವಾಗಿ ಬದಲಾಗುತ್ತದೆ. ಬೇಗ ಬೇಗ ಹುಟ್ಟುವ ಕೋಶಗಳಿಗೆ ಅದರ ಪೆಟ್ಟು. ಅಂಗೈ ಚರ್ಮಕ್ಕೂ ಬೀಳುತ್ತದೆ. ತಿಕ್ಕಾಟ, ಒತ್ತಡ, ಬಿಸಿ ಸೇರಿದರೆ ಇನ್ನೂ ಜಾಸ್ತಿ. ಹಾಗಾಗಿ ಅಡಿಕೆ ಸುಲಿಯಲು ಮೆಟ್ಟುಗತ್ತಿ ಮುಂದೆ ಕೂರುವುದು ಸದ್ಯಕ್ಕೆ ಬೇಡವೇ ಬೇಡ. ಹಂಡೆಯ ಸುಡುನೀರೂ ಬೇಡ.

ಬರೀ ಕೆಂಪಾಗಿ ಜುಮುಜುಮು ಅನ್ನುತ್ತಿದ್ದರೆ ಮೊದಲ ಹಂತ. ನೋವಿನಿಂದ ಕೆಲಸ ಕೆಟ್ಟರೆ ಎರಡನೆಯದು. ಲೋಟ ಹಿಡಿಯಲಾಗದಿದ್ದರೆ ಆಯಿ ಎರಡನ್ನು ಮುಟ್ಟಿದ್ದಾರೆ. ಇಲ್ಲಿ ಸಾಮಾನ್ಯವಾಗಿ ಮಾತ್ರೆ ಕೆಲ ದಿನ ನಿಲ್ಲಿಸಿ, ಕೈ ಸುಧಾರಿಸಿದ ಮೇಲೆ ಮತ್ತೆ ಶುರು ಮಾಡುತ್ತೇವೆ. ಬೇಕಾದರೆ ಪ್ರಮಾಣ ಇಳಿಸುತ್ತೇವೆ. ಅದು ಚಿಕಿತ್ಸೆ ಕೈಬಿಟ್ಟಂತೆ ಅಲ್ಲ ಅಂತ ಆಯಿಗೆ ದಯವಿಟ್ಟು ಹೇಳಿ. ನೋವು ಮುಚ್ಚಿಟ್ಟು ಗುಳ್ಳೆ ಒಡೆದು ಹುಣ್ಣಾದರೆ ಮಾತ್ರೆಗೆ ಇನ್ನೂ ದೊಡ್ಡ ಬಿಡುವು ಕೊಡಬೇಕಾಗುತ್ತದೆ. ನನಗೆ ಬೇಸರ ಆಗುವುದು ಇದಕ್ಕೇ: ಹೆದರಿಕೊಂಡು ಎಷ್ಟೋ ಜನ ಸುಮ್ನೆ ತಡೆದುಕೊಳ್ಳುತ್ತಾರೆ.

ಹೆಬ್ಬೆಟ್ಟಿನ ತೊಂದರೆಯೂ ನಿಜ. ಬೆರಳ ಗೆರೆ ಮಾಸುವುದು ಈ ಔಷಧದಿಂದ ಆಗುತ್ತದೆ. ಇದೇ ಮಾತ್ರೆ ತಗೊಳ್ತಿದ್ದ ಸಿಂಗಾಪುರದ ಒಬ್ಬರನ್ನು ಬೆರಳಚ್ಚು ಸಿಗದ್ದಕ್ಕೆ ಅಮೆರಿಕದ ವಿಮಾನ ನಿಲ್ದಾಣದಲ್ಲಿ ಗಂಟೆಗಟ್ಟಲೆ ತಡೆದಿದ್ದು 2009ರಲ್ಲಿ ವೈದ್ಯಪತ್ರಿಕೆಯಲ್ಲಿ ಬಂದಿತ್ತು. ಡಾಕ್ಟರಿಂದ ಒಂದು ಚೀಟಿ ಬರೆಸಿಕೊಳ್ಳಿ. ರೇಷನ್‌ಗೆ ಕಾರ್ಡಿನಲ್ಲಿರುವ ಇನ್ನೊಬ್ಬರು ಹೆಬ್ಬೆಟ್ಟು ಒತ್ತಲಿ.

ಪ್ರಶ್ನೆ (ಕುಮಟಾ): ಮೇಡಂ, ನಮ್ಮ ಅಕ್ಕನಿಗೆ ಮುಂದಿನ ವಾರ ಇದೇ ಮಾತ್ರೆ ಶುರು. ನೋವಿನ ಜೆಲ್ ಹಚ್ಚಿದರೆ ಉರಿ ಬರುವುದಿಲ್ಲ ಅಂತಾರೆ, ಹೌದಾ?

ಉತ್ತರ: ಅದಕ್ಕೆ ಆಧಾರ ಇದೆ. ದೆಹಲಿಯ ಏಮ್ಸ್‌ನಲ್ಲಿ 264 ಜನರ ಮೇಲೆ ನಡೆದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಮಾತ್ರೆಯ ಜೊತೆಗೇ ದಿನಕ್ಕೆ ಎರಡು ಸಲ 1% ಡೈಕ್ಲೋಫೆನಾಕ್ ಜೆಲ್ ಕೈಗೆ ಹಚ್ಚಿದವರಲ್ಲಿ ಎರಡನೇ ಹಂತ ಅಥವಾ ಅದಕ್ಕಿಂತ ಹೆಚ್ಚಿನ ತೊಂದರೆ ಬಂದದ್ದು 3.8% ಜನರಿಗೆ. ಔಷಧವಿಲ್ಲದ ಜೆಲ್ ಹಚ್ಚಿದವರಲ್ಲಿ 15%. ಆದರೆ ಇದು ಬರದಂತೆ ತಡೆಯಲು. ಚರ್ಮ ಒಡೆದ ಮೇಲೆ ಹಚ್ಚಬಾರದು. ಮೆಂತಾಲ್ ಬೆರೆತ ಸೊಂಟನೋವಿನ ಮುಲಾಮಂತೂ ಬೇಡ. ಕಿಡ್ನಿ ತೊಂದರೆ, ಅಲರ್ಜಿ ಇದ್ದರೆ ಮೊದಲೇ ಹೇಳಲಿ.

ಕೈಗಿಂತ ನನಗೆ ಭಯ ಹೊಟ್ಟೆಯದ್ದು, ನಿಲ್ಲದ ಭೇದಿಯದ್ದು. ಈ ಔಷಧವನ್ನು ಕರಗಿಸುವ ಡಿಪಿಡಿ ಅನ್ನುವ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ಕಡಿಮೆ. ಅಂಥವರಿಗೆ ಮಾಮೂಲಿ ಪ್ರಮಾಣವೂ ಜೀವಕ್ಕೆ ಅಪಾಯ. ರಕ್ತದಲ್ಲಿ ಇದರ ಜೀನ್ ಪರೀಕ್ಷೆ ಮಾಡಬಹುದು. ಮಾತ್ರೆಗೆ ಮುಂಚೆಯೇ ಕೇಳಿ ನೋಡಿ. ಶುರುವಾದ ಮೇಲೆ ಭೇದಿ ನಿಲ್ಲದಿದ್ದರೆ, ಬಾಯಿ ತುಂಬ ಹುಣ್ಣಾದರೆ, ಜ್ವರ ಬಂದರೆ ಆ ಹೊತ್ತಿನ ಮಾತ್ರೆ ನುಂಗುವುದು ಬೇಡ. ರಾತ್ರಿಯಾದರೂ ಸರಿ, ಫೋನ್ ಮಾಡಿ.