ಹೊಸ ರೋಲರ್ ಕೋಸ್ಟರ್: ಮೊದಲ ವಾರವೇ ಹೋಗಬೇಕೋ, ಕಾಯಬೇಕೋ? ಅನುಭವ ಇದ್ದವರು ಹೇಳಿ

ಸಾಧನಕೇರಿ ಹುಡುಗ (ಧಾರವಾಡ):
ಎಲ್ಲರಿಗೂ ನಮಸ್ಕಾರ. ಹೊರರಾಜ್ಯದ ಒಂದು ಪಾರ್ಕಿನಲ್ಲಿ ಹೊಸ ರೋಲರ್ ಕೋಸ್ಟರ್ ಏಳುತ್ತಿದೆ. ಯಾವುದು ಅಂತ ಹೇಳಿದರೆ ಅದರ ಮೇಲೇ ಜಗಳ ಶುರುವಾಗುತ್ತೆ, ಹಾಗಾಗಿ ಹೆಸರು ಬೇಡ. ಗುಂಡಿ ತೋಡಿದ ದಿನದಿಂದ ಡ್ರೋನ್ ವಿಡಿಯೊ ನೋಡುತ್ತಾ ಬಂದಿದ್ದೇನೆ. ಈಗ ಕಂಬ ಎಲ್ಲ ನಿಂತಿವೆ, ಟ್ರ್ಯಾಕ್ ಮುಕ್ಕಾಲು ಪಾಲು ಕೂತಿದೆ. ಬೇಸಿಗೆ ಸೂಟಿಗೆ ಚಾಲೂ ಅಂತ ಖಬರು. ನನಗೆ ಸಿಗುವುದು ಮೂರೇ ದಿನ ರಜೆ. ಜೊತೆಗೆ ಅಕ್ಕನ ಮಗ, ಹನ್ನೆರಡು ವರ್ಷ, ಎತ್ತರ 139 ಸೆಂ.ಮೀ. ಈ ರೈಡಿಗೆ ಬೇಕಾದ್ದು 140. ಅವ್ವನೂ ಬರ್ತಾಳೆ, ಆದರೆ ಹತ್ತಲ್ಲ, ನೆರಳಲ್ಲಿ ಕೂರ್ತಾಳೆ. ಮೊದಲ ವಾರಕ್ಕೇ ಟಿಕೆಟ್ ತೆಗೆಸಲೋ, ದಸರಾ ಸೂಟಿವರೆಗೆ ಕಾಯಲೋ? ಎತ್ತರದ ವಿಷಯ ಗೊತ್ತಿದ್ದವರು ದಯವಿಟ್ಟು ಹೇಳಿ.

ಕೇಶ್ವಾಪುರ ಕಾಕಾ:
ತಮ್ಮಾ, ಕಾಯಿ. ನನ್ನ ಕತೆ ಕೇಳು. ಕೆಲವು ವರ್ಷದ ಹಿಂದೆ ಒಂದು ಪಾರ್ಕಿನ ಹೊಸ ಕೋಸ್ಟರಿಗೆ ಮೊದಲ ಶನಿವಾರವೇ ಹೋದೆ. ನಾವು ನಾಲ್ಕು ಜನ. ರೈಲು ಹೋಗಿ ಬರೋಕೆ 7,640, ಹೋಗುವಾಗ ತತ್ಕಾಲ್. ರೂಮು ಎರಡು ರಾತ್ರಿಗೆ 5,600, ಎಸಿ ಇತ್ತು, ರಿಮೋಟ್ ಇರಲಿಲ್ಲ. ಪಾರ್ಕ್ ಟಿಕೆಟ್ 6,200. ಲಾಕರ್ 250. ನೀರಿಗಿಳಿಯೋಕೆ ಹತ್ತಿ ಬಟ್ಟೆ ನಡೆಯಲ್ಲ ಅಂತ ಎರಡು ನೈಲಾನ್ ಚಡ್ಡಿ ಕೊಳ್ಳಿಸಿದರು, 900. ಊಟ, ಚಹಾ 1,780. ಬಸ್ಸು, ಆಟೊ 1,400. ಒಟ್ಟು 23,770 ರೂಪಾಯಿ. ಚೀಟಿ ಇನ್ನೂ ಇಟ್ಟಿದ್ದೇನೆ.

ಬಿಸಿಲಲ್ಲಿ ಎರಡು ತಾಸು ನಲವತ್ತು ನಿಮಿಷ ಪಾಳಿ. ನಮ್ಮ ಮುಂದೆ ಇನ್ನು ಹದಿನೈದು ಇಪ್ಪತ್ತು ಜನ ಇದ್ದರು, ಅಷ್ಟೆ. ಅಷ್ಟರಲ್ಲಿ ಮೇಲೆ ಏರುತ್ತಿದ್ದ ಗಾಡಿ ಅರ್ಧದಲ್ಲೇ ನಿಂತಿತು. ಆ ಟಕ್ ಟಕ್ ಟಕ್ ಸದ್ದು ಒಮ್ಮೆಲೇ ಬಂದ್. ಕೂತವರನ್ನು ಒಬ್ಬೊಬ್ಬರಾಗಿ ಮೆಟ್ಟಿಲ ಮೇಲೆ ಇಳಿಸಿ ಕರೆತಂದರು. ಆಮೇಲೆ ಮೈಕಿನಲ್ಲಿ "ಇವತ್ತಿಗೆ ಇಷ್ಟೇ". 23,770ಕ್ಕೆ ನಾನು ನೋಡಿದ್ದು ಆಕಾಶದಲ್ಲಿ ನಿಂತ ಖಾಲಿ ಗಾಡಿ.

ಗದಗ ಟ್ರ್ಯಾಕ್:
ಕಾಕಾ, ನೈಲಾನ್ ಚಡ್ಡಿ ಮನೆಗೆ ತಂದಿರಿ ತಾನೇ? ಅದನ್ನು ರೈಡಿನ ಲೆಕ್ಕಕ್ಕೆ ಯಾಕೆ ಹಾಕ್ತೀರಿ?

ಸಾಧನಕೇರಿ ಬ್ರದರ್, ಕಾಯಬೇಡಿ. ನಾನು ಚೆನ್ನೈ ವಂಡರ್‌ಲಾಗೆ 2025ರ ಡಿಸೆಂಬರಿನಲ್ಲಿ ಶುರುವಾದ ವಾರವೇ ಹೋಗಿ ಅಲ್ಲಿನ ತಂಜೋರಾ ಕೋಸ್ಟರ್ ಹತ್ತಿದವನು. ಆ ಪಾರ್ಕು ಸ್ಥಳೀಯ ತೆರಿಗೆಯ ತಕರಾರಿಗೆ ಎಷ್ಟು ವರ್ಷ ನಿಂತಿತ್ತು ಅಂತ ಇಲ್ಲಿ ಎಲ್ಲರಿಗೂ ಗೊತ್ತು. ನಾನು ಕಾಲೇಜಿನಲ್ಲಿದ್ದಾಗಿಂದ "ಬರುತ್ತೆ, ಬರುತ್ತೆ" ಅಂತ ಕೇಳಿದವನು. ಟ್ರ್ಯಾಕ್ ತುಂಡುಗಳು ಲಾರಿಯಿಂದ ಇಳಿದ ಫೋಟೊ ನೋಡಿದ ಕ್ಷಣವೇ ಹೇಳಿದೆ, ಇದು ಬಿ ಅಂಡ್ ಎಂ ಕಂಪನಿಯ ಕೋಸ್ಟರ್ ಅಂತ. ಅವರ ಟ್ರ್ಯಾಕಿನಲ್ಲಿ ಎರಡು ಹಳಿಯ ನಡುವಿನ ಬೆನ್ನು ದುಂಡಗಿರಲ್ಲ, ಪೆಟ್ಟಿಗೆಯ ಹಾಗೆ ಚೌಕ ಇರುತ್ತೆ. ಗೆಳೆಯರು ನಕ್ಕರು. ಆಮೇಲೆ ಸ್ವಿಟ್ಜರ್ಲೆಂಡಿನ ಅದೇ ಕಂಪನಿ ಅಂತ ಹೊರಬಿತ್ತು. ಕಾಲು ಕೆಳಗೆ ನೇತಾಡುವ ಜಾತಿ ಅದು. 1992ರಲ್ಲಿ ಅಮೆರಿಕದ ಸಿಕ್ಸ್ ಫ್ಲಾಗ್ಸ್ ಗ್ರೇಟ್ ಅಮೆರಿಕದಲ್ಲಿ ಇದೇ ಕಂಪನಿ ಮೊದಲು ತಂದದ್ದು. ನಮ್ಮ ದೇಶಕ್ಕೆ ಬರೋಕೆ ಮೂವತ್ತಮೂರು ವರ್ಷ. ಇನ್ನೆಷ್ಟು ಕಾಯಬೇಕು ಕಾಕಾ?

ನನಗೂ ನಷ್ಟ ಆಯಿತು. ರಜೆ ಕೊಡಲಿಲ್ಲ, ಮೂರು ದಿನದ ಪಗಾರ ಹೋಯಿತು. ಅಪ್ಪ ಒಂದು ವಾರ ಮಾತಾಡಲಿಲ್ಲ. ಪಶ್ಚಾತ್ತಾಪ ಇಲ್ಲ. ಮೂರು ಸಲ ಹತ್ತಿದೆ. ಕೊನೆಯ ಸಲ ಮೊದಲ ಸಾಲಿನಲ್ಲಿ ಕೂತು ನನ್ನ ಚಪ್ಪಲಿ ಇಲ್ಲದ ಕಾಲಿನ ಕೆಳಗೆ ಬರೀ ಗಾಳಿ.

ಕೇಶ್ವಾಪುರ ಕಾಕಾ:
ಚಡ್ಡಿ ಒಗೆದ ಮೇಲೆ ಹರಿದುಹೋಯಿತು. ಲೆಕ್ಕಕ್ಕೆ ಬರುತ್ತೆ.

ಮತ್ತೆ ನಿನಗೆ ಮೂರು ಸಲ ಸಿಕ್ಕಿತು ಅಂತ ಎಲ್ಲರಿಗೂ ಸಿಗಲ್ಲ. ಅಮೆರಿಕದ ಸೀಡರ್ ಪಾಯಿಂಟಿನ ಟಾಪ್ ಥ್ರಿಲ್ 2 ಏನಾಯ್ತು? 2024ರ ಮೇ 4ಕ್ಕೆ ಶುರು, ಮೇ 12ಕ್ಕೆ ಬಂದ್. ಇಡೀ ಸೀಸನ್ ತೆಗೆಯಲಿಲ್ಲ. ಮತ್ತೆ ಓಡಿದ್ದು 2025ರಲ್ಲಿ. ದೊಡ್ಡ ದೊಡ್ಡವರದ್ದೇ ಹೀಗಿದ್ದರೆ?

ಗದಗ ಟ್ರ್ಯಾಕ್:
ಅಂದರೆ ಆ ಎಂಟು ದಿನ ಹೋದವರೇ ಗೆದ್ದರು! ನಿಮ್ಮ ಉದಾಹರಣೆ ನನ್ನ ಕಡೆಗೇ ಇದೆ. ಅಮೆರಿಕದ್ದೇ ಕಿಂಗ್ಡಾ ಕಾ ಕೋಸ್ಟರ್ ನೆನಪಿದೆಯಾ? 2005ರಿಂದ ಓಡುತ್ತಿತ್ತು. "ಮುಂದಿನ ವರ್ಷ ಹೋಗೋಣ" ಅಂದವರಿಗೆ ಸಿಕ್ಕಿದ್ದು 2025ರ ಫೆಬ್ರವರಿ 28ರಂದು ಮದ್ದಿಟ್ಟು ಕೆಡವಿದ ವಿಡಿಯೊ. ಅದರ ಎತ್ತರ 139 ಮೀಟರ್. ಸಾಧನಕೇರಿ ಬ್ರದರ್, ನಿಮ್ಮ ಅಕ್ಕನ ಮಗನೂ 139. ಶಕುನ ಅಂದ್ಕೊಳ್ಳಿ.

ಹಾವೇರಿ ಅಕ್ಕ:
ಇಬ್ಬರೂ ಗಂಡಸರು ಬರೀ ನಿಮ್ಮದೇ ಹೇಳ್ತೀರಿ. ಕಾದವರ ಪಾಡು ನಾನು ಹೇಳ್ತೀನಿ.

ನಮ್ಮ ಮನೆಯವರೂ ಇದೇ ಕಾಕಾನ ಹಾಗೆ, "ಹೊಸದು ಬೇಡ, ಪಳಗಲಿ" ಅಂದರು. ಒಂದು ವರ್ಷ ಎರಡು ತಿಂಗಳು ಕಾದೆವು. ಆಮೇಲೆ ನಾದಿನಿಯರ ಮಕ್ಕಳೆಲ್ಲ ಸೇರಿ ಹನ್ನೊಂದು ಜನ, ಟಿಟಿ ಗಾಡಿ ಮಾಡಿಕೊಂಡು ಹೊರಟೆವು. ಕಿಲೋಮೀಟರಿಗೆ 20ರಂತೆ 860 ಕಿ.ಮೀ., 17,200. ಡ್ರೈವರ್ ಬಾಟಾ ದಿನಕ್ಕೆ 500, ಮೂರು ದಿನ. ಟೋಲ್ ಬೇರೆ. ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕಟ್ಟಿಕೊಂಡು ಹೋಗಿದ್ದೆ, ಗೇಟಿನಲ್ಲೇ ಬಿಡಿಸಿಕೊಂಡರು. ಐವತ್ತೆರಡು ರೊಟ್ಟಿ. ಎಣಿಸಿ ಬಡಿದಿದ್ದೆ, ಅದಕ್ಕೇ ನೆನಪಿದೆ.

ಒಳಗೆ ಹೋದರೆ ಆ ಒಂದೇ ರೈಡಿನ ಮುಂದೆ ಹಗ್ಗ ಕಟ್ಟಿ ಬೋರ್ಡು: ವಾರ್ಷಿಕ ನಿರ್ವಹಣೆ. ಗಾಲಿಗಳನ್ನು ಬಿಚ್ಚಿ ಪ್ಲಾಸ್ಟಿಕ್ ಹಾಳೆ ಮೇಲೆ ಸಾಲಾಗಿ ಇಟ್ಟಿದ್ದರು. ನನ್ನ ಚಿಕ್ಕ ಮಗ ಅದನ್ನೇ ನೋಡುತ್ತಾ ನಿಂತ. ಹೋಗೋ ಮುಂಚೆ ಫೋನ್ ಮಾಡಿ ಯಾವ ರೈಡ್ ಬಂದ್ ಅಂತ ಕೇಳಬೇಕಿತ್ತು ಅಂತ ಈಗ ಎಲ್ಲರೂ ಹೇಳ್ತಾರೆ. ಆವಾಗ ಒಬ್ಬರೂ ಹೇಳಲಿಲ್ಲ. ಈಗಲೂ ಮನೆಯಲ್ಲಿ ಯಾರಾದರೂ "ಪಳಗಲಿ" ಅಂದರೆ ನಾನು ಎದ್ದು ಒಳಗೆ ಹೋಗ್ತೀನಿ.

ಸಿಗ್ನಲ್ ಮಾಮಾ (ಹುಬ್ಬಳ್ಳಿ):
ರೈಲ್ವೆಯಲ್ಲಿ ಸಿಗ್ನಲ್ ಕೆಲಸ ಮಾಡಿ ರಿಟೈರ್ ಆದವನು. ಕೇಶ್ವಾಪುರದವರು "ಅರ್ಧದಲ್ಲೇ ನಿಂತಿತು" ಅಂತ ಅಳುತ್ತಿದ್ದಾರೆ. ನಿಂತಿತು ಅಂದರೆ ಕೆಟ್ಟಿತು ಅಂತಲ್ಲ ಸ್ವಾಮಿ. ನಿಲ್ಲಿಸಿತು ಅಂತ.

ಕೋಸ್ಟರಿನ ದಾರಿಯನ್ನೂ ನಮ್ಮ ಹಳಿಯ ಹಾಗೆ ಬ್ಲಾಕ್ ಬ್ಲಾಕ್ ಆಗಿ ಭಾಗ ಮಾಡಿರ್ತಾರೆ. ಒಂದು ಬ್ಲಾಕಿನಲ್ಲಿ ಒಂದೇ ಗಾಡಿ. ಮುಂದಿನದು ಖಾಲಿ ಅಂತ ಸೆನ್ಸರ್ ಹೇಳುವವರೆಗೆ ಹಿಂದಿನದನ್ನು ಬಿಡಲ್ಲ. ಎರಡು ಸೆನ್ಸರ್ ಬೇರೆ ಬೇರೆ ಮಾತು ಹೇಳಿದರೆ ಕಂಪ್ಯೂಟರ್ ಯಾರನ್ನೂ ನಂಬಲ್ಲ, ನಿಲ್ಲಿಸುತ್ತೆ. ಹೊಸದರಲ್ಲಿ ಇದು ಜಾಸ್ತಿ, ಯಾಕೆಂದರೆ ಹೊಂದಾಣಿಕೆ ಇನ್ನೂ ನಡೀತಿರುತ್ತೆ. ಆ ಟಕ್ ಟಕ್ ಸದ್ದಿದೆಯಲ್ಲ, ಅದು ಗಾಡಿ ಹಿಂದಕ್ಕೆ ಜಾರದ ಹಾಗೆ ಹಿಡಿಯುವ ಕೊಕ್ಕೆ ಹಲ್ಲಿಗೆ ಬೀಳುವ ಸದ್ದು. ಅದು ಹಿಡಿದಿತ್ತು ಅಂತಲೇ ಆ ಜನ ಮೆಟ್ಟಿಲಿಳಿದು ಮನೆಗೆ ಹೋದರು.

ನಾನು ಮೊಮ್ಮಗಳ ಜೊತೆ ಬಿಡದಿಯ ವಂಡರ್‌ಲಾಗೆ ಹೋದಾಗ ಹತ್ತಿದ್ದು ರಿಕಾಯಿಲ್ ಕೋಸ್ಟರ್. ಬೂಮರಾಂಗ್ ಜಾತಿ. ಮೂರು ಸಲ ತಲೆಕೆಳಗು, ಆಮೇಲೆ ಅದೇ ಮೂರನ್ನು ಹಿಮ್ಮುಖವಾಗಿ. ಒಂದೇ ಗಾಡಿ, ಅದಕ್ಕೆ ಪಾಳಿ ನಿಧಾನ. ಅರವತ್ತಮೂರನೇ ವಯಸ್ಸಿಗೆ ಹತ್ತಿದೆ. ಕುತ್ತಿಗೆ ನಾಲ್ಕು ದಿನ ಹಿಡಿದಿತ್ತು, ಎಣ್ಣೆ ತಿಕ್ಕಿಸಿಕೊಂಡೆ. ಮನೆಯವರಿಗೆ ಬಸ್ಸಿನಲ್ಲಿ ಕೂತು ಹಿಡಿಯಿತು ಅಂತ ಹೇಳಿದ್ದೇನೆ.

ಕೇಶ್ವಾಪುರ ಕಾಕಾ:
ಅಳುತ್ತಿಲ್ಲ. ಲೆಕ್ಕ ಹೇಳುತ್ತಿದ್ದೇನೆ. ನಿಮ್ಮ ಸಿಗ್ನಲ್ ಪಾಠಕ್ಕೆ ನನ್ನ ರೊಕ್ಕ ವಾಪಸ್ ಬರುತ್ತಾ?

ಸಿಗ್ನಲ್ ಮಾಮಾ (ಹುಬ್ಬಳ್ಳಿ):
ಜೀವ ವಾಪಸ್ ಬಂತಲ್ಲ, ಸಾಲದಾ?

ಸಾಧನಕೇರಿ ಹುಡುಗ (ಧಾರವಾಡ):
ಎಲ್ಲರಿಗೂ ಧನ್ಯವಾದ. 139 ಸೆಂ.ಮೀ. ಬಗ್ಗೆ ಯಾರಾದರೂ...

ನವಲಗುಂದ ಸಿವಿಲ್:
ಎತ್ತರ ಬಿಡಿ, ಆಳ ಕೇಳಿ. ಇಷ್ಟೆಲ್ಲ ದೂರ ಹೋಗೋದ್ಯಾಕೆ, ಹುಬ್ಬಳ್ಳಿ-ಧಾರವಾಡದಲ್ಲೇ ಒಂದು ಯಾಕಾಗಬಾರದು ಅಂತ ಕೇಳುವವರಿಗೆ ಮೊದಲೇ ಹೇಳಿಬಿಡ್ತೀನಿ. ನಮ್ಮದು ಎರಿ ಮಣ್ಣು. ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತೆ. ಕೋಸ್ಟರ್ ಕಂಬ ಒಂದೆರಡು ಮಿಲಿಮೀಟರ್ ಅತ್ತಿತ್ತ ಆದರೂ ಟ್ರ್ಯಾಕಿನ ಬೋಲ್ಟ್ ತೂತು ಕೂಡಲ್ಲ. ಪಾಯ ಗಟ್ಟಿ ನೆಲ ಸಿಗುವವರೆಗೆ ಇಳಿಯಬೇಕು. ಇಲ್ಲ, ಅಂಡರ್ ರೀಮ್ಡ್ ಪೈಲ್ ಹಾಕಬೇಕು, ಕೆಳಗೆ ಗಂಟೆಯ ಹಾಗೆ ಅಗಲ ಆಗಿರುತ್ತಲ್ಲ, ಅದು. ರೂರ್ಕಿಯ ಸಿಬಿಆರ್‌ಐ, ಅಂದರೆ ಕೇಂದ್ರದ ಕಟ್ಟಡ ಸಂಶೋಧನಾ ಸಂಸ್ಥೆ, ನಮ್ಮಂಥ ಮಣ್ಣಿಗೆ ಅಂತಲೇ ಬೆಳೆಸಿದ ಪದ್ಧತಿ.

ನನ್ನ ಸ್ವಂತ ಮನೆಯ ಕಾಂಪೌಂಡ್ ಗೋಡೆ ಕೇಳಿ. ಮೇಸ್ತ್ರಿ ಎರಡೂವರೆ ಅಡಿ ಸಾಕು ಅಂದ. ನಾನು ಸೈಟಿನ ಕೆಲಸದ ಮೇಲೆ ಊರಲ್ಲಿರಲಿಲ್ಲ. 1,15,000 ರೂಪಾಯಿ ಗೋಡೆ. ಎರಡನೇ ಮಳೆಗಾಲಕ್ಕೆ ಗೇಟಿನ ಹತ್ತಿರ ಸೀಳಿತು. ಒಡೆಯೋಕೆ 14,000, ಹೊಸದಕ್ಕೆ 1,60,000. ಇಂಜಿನಿಯರ್ ಮನೆಯ ಗೋಡೆ ಬಿತ್ತು ಅಂತ ಓಣಿ ತುಂಬ ನಗು.

ಗದಗ ಟ್ರ್ಯಾಕ್:
ಸರ್, ಕೋಸ್ಟರಿಗೂ ನಿಮ್ಮ ಕಾಂಪೌಂಡಿಗೂ ಏನು ಸಂಬಂಧ? ಸೌದಿಯಲ್ಲಿ ಬೆಟ್ಟದ ಮೇಲೇ ಕಟ್ಟಿದ್ದಾರೆ. ಕಿದ್ದಿಯಾದ ಫಾಲ್ಕನ್ಸ್ ಫ್ಲೈಟ್, ತಾಸಿಗೆ 250 ಕಿ.ಮೀ. ವೇಗ. ಮಣ್ಣಿನ ನೆಪ ಹೇಳಬೇಡಿ. ಹುಬ್ಬಳ್ಳಿಯಲ್ಲಿ 1,507 ಮೀಟರ್ ಪ್ಲಾಟ್‌ಫಾರ್ಮ್ ಕಟ್ಟಲಿಲ್ವಾ?

ನವಲಗುಂದ ಸಿವಿಲ್:
ಪ್ಲಾಟ್‌ಫಾರ್ಮ್ ತಲೆಕೆಳಗಾಗಿ ತಿರುಗುತ್ತಾ ತಮ್ಮಾ? ಮತ್ತೆ ನೀನು ಹೇಳಿದ್ದು ಬಂಡೆ. ಬಂಡೆ ಬೇರೆ, ಎರಿ ಬೇರೆ. ಡ್ರೋನ್ ವಿಡಿಯೊದಲ್ಲಿ ಮಣ್ಣಿನ ಒಳಗೆ ಕಾಣಲ್ಲ. ಕಾಂಕ್ರೀಟ್ ಹಾಕಿ ಒಂದು ತಿಂಗಳು ಸೈಟು ಖಾಲಿ ಇದ್ದರೆ ನಿಮ್ಮಂಥವರು "ಕೆಲಸ ನಿಂತಿದೆ, ಕಂಪನಿ ಮುಳುಗಿತು" ಅಂತ ಬರೀತೀರಿ. ಅಲ್ಲಿ ಕಾಂಕ್ರೀಟ್ ಎಷ್ಟು ಗಟ್ಟಿಯಾಗಿದೆ ಅಂತ ನೋಡುವ 28 ದಿನದ ಕ್ಯೂಬ್ ಟೆಸ್ಟಿಗೆ ಕಾಯ್ತಾ ಇರ್ತಾರೆ.

ಗದಗ ಟ್ರ್ಯಾಕ್:
ಒಂದು ಸಲ ಬರೆದಿದ್ದೆ. ಒಂದೇ ಸಲ. ಆಮೇಲೆ ಅಳಿಸಿದೆ. ಅದನ್ನೇ ಎಷ್ಟು ಸಲ ಎತ್ತಿ ಆಡ್ತೀರಿ?

ಜಾತ್ರೆ ಕೊಲಂಬಸ್:
ನೀವೆಲ್ಲ ರೊಕ್ಕ ಇದ್ದವರು. ನಾನು ವರ್ಷಾ ಶಿವರಾತ್ರಿಗೆ ಸಿದ್ಧಾರೂಢ ಮಠದ ಜಾತ್ರೆಗೆ ಜೈಂಟ್ ವ್ಹೀಲ್ ಜೋಡಿಸುವುದನ್ನು ನೋಡೋಕೆ ಸೈಕಲ್ ಮೇಲೆ ಹೋಗ್ತೀನಿ. ಖರ್ಚು ಒಂದು ಗಿರ್ಮಿಟ್, ಎರಡು ಮಿರ್ಚಿ. ಲಾರಿ ಬರುತ್ತೆ, ಗೋಣಿಚೀಲದಿಂದ ನಟ್ಟು ಬೋಲ್ಟು ಸುರಿಯುತ್ತಾರೆ. ಕಾಲಿನ ಕೆಳಗೆ ಮರದ ದಿಮ್ಮಿ ಕೊಟ್ಟು ಮಟ್ಟ ನೋಡ್ತಾರೆ. ಹುಡುಗರು ಬರಿಗೈಲಿ ಮೇಲೆ ಹತ್ತಿ ಒಂದೊಂದೇ ತೊಟ್ಟಿಲು ಸಿಕ್ಕಿಸ್ತಾರೆ. ಮರುದಿನ ರಾತ್ರಿಗೆ ಲೈಟು ಹತ್ತುತ್ತೆ. ಆರು ವರ್ಷ ಡ್ರೋನ್ ನೋಡೋದು ಬೇಕಾಗಿಲ್ಲ.

ಸಿಗ್ನಲ್ ಮಾಮಾ (ಹುಬ್ಬಳ್ಳಿ):
ಬರಿಗೈಲಿ ಹತ್ತುವುದನ್ನು ಹೊಗಳಬೇಡಿ. ಸೊಂಟಕ್ಕೆ ಬೆಲ್ಟ್ ಇಲ್ಲದೆ ಕಂಬ ಹತ್ತಿದವರನ್ನು ನಾನು ಕೆಲಸದಲ್ಲಿದ್ದಾಗ ನೋಡಿದ್ದೇನೆ. ಹೊಸ ಕೋಸ್ಟರಿಗೆ ಮೊದಲು ಖಾಲಿ ಗಾಡಿ ಓಡಿಸ್ತಾರೆ. ಆಮೇಲೆ ಮನುಷ್ಯರ ತೂಕಕ್ಕೆ ನೀರು ತುಂಬಿದ ಬೊಂಬೆ ಕೂರಿಸ್ತಾರೆ. ಅದೂ ಆದ ಮೇಲೆ ಮನುಷ್ಯರು. ಜಾತ್ರೆಯಲ್ಲಿ ಬೊಂಬೆ ಯಾರು? ಮೊದಲು ಟಿಕೆಟ್ ತೆಗೆದವನೇ.

ಜಾತ್ರೆ ಕೊಲಂಬಸ್:
ಹೌದು, ನಾನೇ. ಇಪ್ಪತ್ತೆರಡು ವರ್ಷದಿಂದ. ಒಮ್ಮೆಯೂ ಅರ್ಧದಲ್ಲಿ ನಿಂತಿಲ್ಲ. ಕರೆಂಟ್ ಹೋದಾಗ ಒಂದು ಸಲ ಬಿಟ್ಟು.

ಹಾವೇರಿ ಅಕ್ಕ:
ಆ ಹುಡುಗ ಎತ್ತರ ಕೇಳಿ ಕೇಳಿ ಸುಸ್ತಾದ. ತಮ್ಮಾ, ನನ್ನ ಚಿಕ್ಕವನಿಗೂ ಬೇರೆ ಕಡೆ ಹೀಗೇ ಆಯಿತು. ಪಾಳಿಯ ಬಾಯಲ್ಲಿ ಒಬ್ಬ ಅಳತೆ ಕೋಲು ಹಿಡಿದು ನಿಂತಿದ್ದ. ಶೂ ಬಿಚ್ಚಿಸಿದ. ಎರಡು ಬೆರಳು ಕಡಿಮೆ. ಮಗ ಅಳಲಿಲ್ಲ, ಅದೇ ನನಗೆ ಸಂಕಟ. ಶೂಗೆ ಮತ್ತೆ ಲೇಸ್ ಕಟ್ಟೋಕೆ ಅವನಿಗೆ ಹತ್ತು ನಿಮಿಷ ಬೇಕಾಯಿತು. ಅಳತೆ ಬೇಕು ಅಂದರೆ ಬೇಕು. ಕುತ್ತಿಗೆ, ಭುಜದ ಪಟ್ಟಿ ಎಲ್ಲ ಆ ಎತ್ತರಕ್ಕೆ ತಕ್ಕ ಹಾಗೆ ಮಾಡಿರ್ತಾರೆ. ಬೇಡಿಕೊಳ್ಳೋಕೆ ಹೋಗಬೇಡಿ. ಕಾಯಿರಿ ಅಂತ ನಾನು ಯಾರಿಗೂ ಹೇಳಲ್ಲ, ಆದರೆ ಹುಡುಗ ಬೆಳೆಯುವವರೆಗೆ ಕಾಯಿರಿ.

ಕೇಶ್ವಾಪುರ ಕಾಕಾ:
ನೋಡಿ, ಅಕ್ಕನೂ ಕಾಯಿ ಅಂದರು.

ಹಾವೇರಿ ಅಕ್ಕ:
ನಿಮ್ಮ ಕಾರಣಕ್ಕಲ್ಲ!

ಸಾಧನಕೇರಿ ಹುಡುಗ (ಧಾರವಾಡ):
ಅಕ್ಕಾ, ತುಂಬ ಉಪಕಾರ. ನಿನ್ನೆಯಿಂದ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಪೆನ್ಸಿಲ್ ಗೆರೆ ಹಾಕ್ತಾ ಇದ್ದೇನೆ. ಬೆಳಿಗ್ಗೆ ಎದ್ದ ತಕ್ಷಣ 139.6. ರಾತ್ರಿ ಊಟಕ್ಕೆ ಮುಂಚೆ 138.8. ಎರಡು ದಿನವೂ ಹಾಗೇ. ಅವ್ವ ಟೇಪು ಸರಿಯಿಲ್ಲ ಅಂತಾಳೆ.

ಸಿಗ್ನಲ್ ಮಾಮಾ (ಹುಬ್ಬಳ್ಳಿ):
ಟೇಪು ಸರಿಯಾಗೇ ಇದೆ. ದಿನವಿಡೀ ಓಡಾಡಿದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ ಅಮುಕುತ್ತೆ, ಸಂಜೆಗೆ ಎಲ್ಲರೂ ಗಿಡ್ಡ. ದಸರಾ ಹೊತ್ತಿಗೆ ಬೆಳೀತಾನೆ. ಆವಾಗಲೂ ಗೇಟು ತೆಗೆದ ಕೂಡಲೇ ಮೊದಲು ಅಲ್ಲಿಗೇ ಓಡಿ.

ಗದಗ ಟ್ರ್ಯಾಕ್:
ಬೆಳಿಗ್ಗೆನಾ? ಮಾಮಾ, ನೀವೂ ಹೀಗೆ ಹೇಳೋದಾ? ಬೆಳಿಗ್ಗೆ ಗಾಲಿ ತಣ್ಣಗಿರುತ್ತವೆ, ಗ್ರೀಸ್ ಬಿಸಿ ಆಗಿರಲ್ಲ, ಗಾಡಿ ನಿಧಾನ. ಸಂಜೆ ಹತ್ತಬೇಕು, ಕೊನೆಯ ಸಾಲಿನಲ್ಲಿ. ಆವಾಗಲೇ ಮಜಾ.

ಹಾವೇರಿ ಅಕ್ಕ:
ಸಂಜೆ ಹುಡುಗ 138.8 ಇರ್ತಾನಲ್ಲಪ್ಪಾ!