ಹಂದಿ ಹಲ್ಲು ಸವೆಸಿದ್ದು ಊಟವೋ, ಮಣ್ಣೋ?

ಶೇಂಗಾ ಹೊಲ, ಕುಷ್ಟಗಿ
ನಮ್ಮ ಬದುವಿನಲ್ಲಿ ಕಾಡುಹಂದಿಯ ಕೆಳದವಡೆ ಸಿಕ್ಕಿತು. ತೊಳೆದು ನೋಡಿದೆ. ಮೂರು ದೊಡ್ಡ ದವಡೆ ಹಲ್ಲುಗಳಲ್ಲಿ ಮುಂದಿನದು ಸವೆದು ಚಪ್ಪಟೆ, ನಡುವೆ ಕಂದು ಬಣ್ಣ. ಕಟ್ಟಕಡೆಯ ಉದ್ದನೆಯದು ಮಾತ್ರ ಹೊಸದರ ಹಾಗೆ ಉಬ್ಬುಬ್ಬಾಗಿದೆ. ಅಳಿದುಹೋದ ಹಂದಿಗಳು ಏನು ತಿನ್ನುತ್ತಿದ್ದವು ಅಂತ ಸವೆತ ನೋಡಿಯೇ ಹೇಳುತ್ತಾರಂತೆ. ಆದರೆ ಹಂದಿ ಇಡೀ ರಾತ್ರಿ ಮೂತಿಯಿಂದ ನೆಲ ಕೆದರುವ ಪ್ರಾಣಿ, ನನ್ನ ಶೇಂಗಾ ಸಾಲನ್ನು ನೇಗಿಲು ಹೊಡೆದ ಹಾಗೆ ಎಬ್ಬಿಸಿಬಿಡುತ್ತದೆ, ಬಾಯಿ ತುಂಬ ಮಣ್ಣೇ ಅಲ್ವಾ? ಹೇಗೆ ನಂಬೋದು?

ಕೋಟೆ ಕೆಳಗಿನವ, ಬಳ್ಳಾರಿ
ಅಣ್ಣಾ, ನೀವು ನೋಡಿದ್ದು ಮೊದಲು ವಯಸ್ಸು, ಊಟ ಆಮೇಲೆ. ಮುಂದಿನ ಹಲ್ಲು ಆರು ತಿಂಗಳ ಹೊತ್ತಿಗೆ ಬರುತ್ತದೆ, ಕಡೆಯದು ಎರಡು ವರ್ಷದ ಹತ್ತಿರ. ಊಟದ ಗುರುತು ಬರಿಗಣ್ಣಿಗೆ ಕಾಣಲ್ಲ. ದಂತವೈದ್ಯರು ಅಚ್ಚು ತೆಗೆಯುವಂಥ ಸಿಲಿಕೋನ್‌ನಲ್ಲೇ ಅಚ್ಚು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹುಲ್ಲು ಮೇದಿದ್ದರೆ ಉದ್ದುದ್ದ ಗೀರು ಜಾಸ್ತಿ, ಗಟ್ಟಿ ಬೀಜ ಕಡಿದಿದ್ದರೆ ಗುಳಿ ಜಾಸ್ತಿ. ಮಣ್ಣೂ ಗುರುತು ಬಿಡುತ್ತದೆ, ನಿಮ್ಮ ಮಾತು ಸುಳ್ಳಲ್ಲ. ಅದಕ್ಕೇ ಒಂದೇ ಹಲ್ಲು ಹಿಡಿದು ತೀರ್ಪು ಕೊಡುವುದಿಲ್ಲ. ಈಗ ಬದುಕಿರುವ ಕಾಡುಹಂದಿ, ಆಫ್ರಿಕಾದ ವಾರ್ಟ್‌ಹಾಗ್ ಇವುಗಳ ಹಲ್ಲಿನ ಜೊತೆ ಹೋಲಿಸಬೇಕು. ಇನ್ನೊಂದು ತೊಡಕಿದೆ. ಆ ಗೀರುಗಳು ಕೆಲವು ದಿನ, ಹೆಚ್ಚೆಂದರೆ ಕೆಲವು ವಾರಗಳಲ್ಲಿ ಅಳಿಸಿ ಹೊಸವು ಬೀಳುತ್ತವೆ. ಬೇಸಿಗೆಯಲ್ಲಿ ಸತ್ತ ಹಂದಿ ಬೇಸಿಗೆ ಊಟವನ್ನಷ್ಟೇ ಹೇಳುತ್ತದೆ.

ಭತ್ತದ ನಾಡು, ಸಿಂಧನೂರು
ಅದಕ್ಕೇ ಎನಾಮಲ್‌ನ (ಹಲ್ಲಿನ ಹೊರಗಿನ ಗಟ್ಟಿ ಪದರ) ಇಂಗಾಲವನ್ನೂ ನೋಡುತ್ತಾರೆ. ಅದು ಹಲ್ಲು ಬೆಳೆಯುವಾಗ ಸೇರಿದ್ದು, ಆಮೇಲೆ ಬದಲಾಗಲ್ಲ. ಜೋಳ, ಸಜ್ಜೆ, ಬಿಸಿಲು ನಾಡಿನ ಹುಲ್ಲು, ಇವುಗಳಲ್ಲಿ ಇಂಗಾಲ-13 (ಇಂಗಾಲದ್ದೇ ತುಸು ಭಾರದ ರೂಪ) ಸ್ವಲ್ಪ ಜಾಸ್ತಿ. ಭತ್ತ, ಶೇಂಗಾ, ಮರದ ಎಲೆ-ಹಣ್ಣಿನಲ್ಲಿ ಕಡಿಮೆ. ನಮ್ಮ ಗದ್ದೆಯಲ್ಲಿ ಮೇದ ಹಂದಿಯನ್ನೂ ಮಸ್ಕಿ ಕಡೆ ಜೋಳದ ಹೊಲದಲ್ಲಿ ಮೇದದ್ದನ್ನೂ ಹೀಗೆ ಬೇರೆ ಮಾಡಬಹುದು! ಪೂರ್ವ ಆಫ್ರಿಕಾದಲ್ಲಿ ಅಳಿದುಹೋದ ನ್ಯಾಂಜಕೀರಸ್, ಕೋಲ್ಪೋಕೀರಸ್ ಹಂದಿಗಳಲ್ಲಿ ನೋಡಿದಾಗ ಹುಲ್ಲಿನ ಊಟ ಮೊದಲು ಬಂದು, ಹಲ್ಲು ಉದ್ದ-ಎತ್ತರ ಆದದ್ದು ಆಮೇಲೆ ಅನ್ನುವಂತಿದೆ. ಆದರೆ ತಿಂದದ್ದು ಹುಲ್ಲಿನ ಎಲೆಯೋ ಬೇರು-ಗೆಡ್ಡೆಯೋ ಅಂತ ಇಂಗಾಲ ಹೇಳಲ್ಲ. ಅಲ್ಲಿ ಮತ್ತೆ ಗೀರಿನ ಹತ್ತಿರವೇ ಹೋಗಬೇಕು.

ಅಂದಹಾಗೆ ಈ ಹಲ್ಲುಗಳು ಸಾಮಾನ್ಯದವಲ್ಲ. ಕೀನ್ಯಾದ ಕೋಬಿ ಫೋರಾದಲ್ಲಿ ಒಂದು ಬೂದಿ ಪದರಕ್ಕೆ (ನಮ್ಮ ಕುಡತಿನಿ ಬೂದಿದಿಬ್ಬದಂಥದಲ್ಲ, ಜ್ವಾಲಾಮುಖಿ ಬೂದಿ) ಮೊದಲು 26 ಲಕ್ಷ ವರ್ಷ ಅಂದಿದ್ದರು. ಅಲ್ಲಿನ ಹಂದಿ ಹಲ್ಲುಗಳು ಬೇರೆ ಕಡೆ ಅದಕ್ಕಿಂತ ಈಚಿನ ಪದರಗಳಲ್ಲಿ ಸಿಕ್ಕ ಹಲ್ಲಿನಂತಿದ್ದು, ಆ ವಯಸ್ಸಿಗೆ ಒಪ್ಪಲಿಲ್ಲ. ಕೊನೆಗೆ ಸುಮಾರು 19 ಲಕ್ಷಕ್ಕೆ ಇಳಿಸಬೇಕಾಯಿತು.

ಶೇಂಗಾ ಹೊಲ, ಕುಷ್ಟಗಿ
ಹಾಗಾದರೆ ನನ್ನ ದವಡೆಯನ್ನು ಯಾರಿಗಾದರೂ ತೋರಿಸಲಾ? ಹೊಲಸಾಗಿತ್ತು ಅಂತ ಇಟ್ಟಂಗಿ ಪುಡಿ ಹಾಕಿ ಚೆನ್ನಾಗಿ ತಿಕ್ಕಿಟ್ಟಿದ್ದೇನೆ.

ಕೋಟೆ ಕೆಳಗಿನವ, ಬಳ್ಳಾರಿ
ಅಯ್ಯೋ ಅಣ್ಣಾ! ಇನ್ನು ಅದರಲ್ಲಿ ಸಿಗೋದು ನಿಮ್ಮ ಇಟ್ಟಂಗಿಯ ಗೀರೇ. ಮುಂದಿನ ಸಲ ಬರೀ ನೀರು, ಮೆತ್ತನೆ ಬ್ರಷ್ ಸಾಕು.